ಮುಖ್ಯ ಕೋಚ್ ಪಕ್ಕದ ಕುರ್ಚಿ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಜಾಹೀರಾತು ನೋಡಿ, ಅರ್ಜಿ ಹಾಕಿ, ಸಂದರ್ಶನ ಕೊಟ್ಟು ಸಹಾಯಕ ಕೋಚ್ ಆದವರನ್ನು ನಾನು ಹೆಚ್ಚು ಕಂಡಿಲ್ಲ. ವಿಶ್ವವಿದ್ಯಾಲಯದ ನೇಮಕಾತಿ ಪುಟದಲ್ಲಿ ಜಾಹೀರಾತು ಬರುವುದೇನೋ ನಿಜ. ಆದರೆ ಅದು ಬರುವ ಹೊತ್ತಿಗೆ ಮುಖ್ಯ ಕೋಚ್ ಯಾರಿಗೋ ಫೋನ್ ಮಾಡಿ ಮಾತು ಮುಗಿಸಿರುತ್ತಾರೆ. ಆ ಫೋನ್ ಕರೆ ಯಾರಿಗೆ ಹೋಗುತ್ತದೆ ಎಂಬುದು, ಹಿಂದೆ ಯಾವ ಜಿಮ್‌ನಲ್ಲಿ ಯಾರು ಯಾರ ಕೆಲಸವನ್ನು ಹತ್ತಿರದಿಂದ ನೋಡಿದ್ದರು ಎಂಬುದರ ಮೇಲೆ ನಿಂತಿದೆ. ಹೊರಗಿನಿಂದ ಬಂದ, ಅದರಲ್ಲೂ ಬೇರೆ ದೇಶದಿಂದ ಬಂದ ನನ್ನಂಥವನಿಗೆ ಇದು ಅರ್ಥವಾಗುವುದಕ್ಕೇ ಸಾಕಷ್ಟು ಕಾಲ ಹಿಡಿಯಿತು.

ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿದವನು. ವಿಟಿಯು ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿದ್ದೇನೆಯೇ ಹೊರತು ಹೇಳಿಕೊಳ್ಳುವಂಥ ಆಟಗಾರನೇನೂ ಆಗಿರಲಿಲ್ಲ. 2016ರಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿಗೆಂದು ಅಮೆರಿಕದ ಮಿಡ್‌ವೆಸ್ಟ್ ಭಾಗದ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದೆ. ಅದರ ಪುರುಷರ ತಂಡ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಅತಿ ಮೇಲಿನ ದರ್ಜೆಯಾದ ಡಿವಿಷನ್ ಒಂದರಲ್ಲಿ ಆಡುತ್ತಿತ್ತು. ಆ ದರ್ಜೆಯಲ್ಲಿ 350ಕ್ಕೂ ಹೆಚ್ಚು ತಂಡಗಳಿವೆ. ಡ್ಯೂಕ್, ಕೆಂಟಕಿ, ಕ್ಯಾನ್ಸಸ್‌ನಂತೆ ಭಾರತದಲ್ಲೂ ಹೆಸರು ಕೇಳಿಬರುವ ತಂಡಗಳು ಅವುಗಳಲ್ಲಿ ಬೆರಳೆಣಿಕೆಯಷ್ಟು. ಉಳಿದ ಬಹುಪಾಲು ತಂಡಗಳು ಅರ್ಧ ತುಂಬಿದ ಕ್ರೀಡಾಂಗಣದಲ್ಲಿ ಆಡಿ, ಅದೇ ರಾತ್ರಿ ಬಸ್ಸು ಹತ್ತಿ ಊರಿಗೆ ಮರಳುವಂಥವು. ನಮ್ಮದು ಈ ಎರಡನೆಯ ಗುಂಪಿನದು. ತಂಡಕ್ಕೆ ಅಂಕಿಅಂಶಗಳ ಕೆಲಸದಲ್ಲಿ ನೆರವಾಗಬಲ್ಲೆನೆಂದು ಕಚೇರಿಗೆ ಪತ್ರ ಬರೆದೆ. ಬನ್ನಿ ಎಂದರು. ಹೋದ ಮೇಲೆ ಕೈಗೆ ಕೊಟ್ಟದ್ದು ನೆಲ ಒರೆಸುವ ಕೋಲನ್ನು.

ಮ್ಯಾನೇಜರ್ ಎಂಬ ಹೆಸರು ಕೇಳಿ ಊರಿನಲ್ಲಿ ನಮ್ಮ ಮನೆಯವರು ಸಂತೋಷಪಟ್ಟಿದ್ದರು. ಅಲ್ಲಿ ವಿದ್ಯಾರ್ಥಿ ಮ್ಯಾನೇಜರ್ ಎಂದರೆ ಅಭ್ಯಾಸಕ್ಕೆ ಮುಂಚೆ ಚೆಂಡುಗಳ ಗಾಳಿ ನೋಡುವವನು, ನೀರಿನ ಬಾಟಲಿ ತುಂಬಿಸುವವನು, ಆಟಗಾರ ಜಾರಿಬಿದ್ದ ಜಾಗದ ಬೆವರನ್ನು ಓಡಿಹೋಗಿ ಒರೆಸುವವನು, ಅಭ್ಯಾಸ ಮುಗಿದ ಮೇಲೆ ಜೆರ್ಸಿಗಳನ್ನು ಒಗೆಯುವ ಯಂತ್ರಕ್ಕೆ ಹಾಕುವವನು. ರಾತ್ರಿ ಯಾವನೋ ಆಟಗಾರನಿಗೆ ಶಾಟ್ ಅಭ್ಯಾಸ ಮಾಡಬೇಕೆನ್ನಿಸಿದರೆ ರಿಂಗಿನ ಕೆಳಗೆ ನಿಂತು ಚೆಂಡು ಹಿಡಿದು ಮತ್ತೆ ಮತ್ತೆ ಎಸೆದುಕೊಡುವುದೂ ಅವನೇ. ಸಂಬಳವೆಂಬುದು ಇಲ್ಲ, ಅಥವಾ ಹೆಸರಿಗಷ್ಟೇ ಇರುತ್ತದೆ. ಆದರೂ ಆ ಗುಂಪಿನಲ್ಲಿ ಒಂದು ಗತ್ತು ಇತ್ತು. ಪಂದ್ಯದ ಹಿಂದಿನ ರಾತ್ರಿ ಎರಡೂ ತಂಡಗಳ ಮ್ಯಾನೇಜರ್‌ಗಳು ತಮ್ಮತಮ್ಮಲ್ಲೇ ಒಂದು ಪಂದ್ಯ ಆಡುವ ರೂಢಿ ಅಮೆರಿಕದ ಉದ್ದಗಲಕ್ಕೂ ಇದೆ, ಅದಕ್ಕೆ ರ‍್ಯಾಂಕಿಂಗ್ ಕೂಡ ಇದೆ. ನಾನು ಆ ದೇಶದಲ್ಲಿ ಸ್ಕೋರ್ ಮಾಡಿದ್ದು ಆ ಪಂದ್ಯಗಳಲ್ಲಿ ಮಾತ್ರ.

ಈ ಹಂತದಲ್ಲಿರುವ ಪ್ರತಿಯೊಬ್ಬನಿಗೂ ಯಾರಾದರೊಬ್ಬರು ಬ್ರಾಡ್ ಸ್ಟೀವನ್ಸ್ ಕಥೆ ಹೇಳಿಯೇ ಹೇಳುತ್ತಾರೆ. ಎಲೈ ಲಿಲ್ಲಿ ಔಷಧ ಕಂಪನಿಯ ಒಳ್ಳೆಯ ನೌಕರಿಯನ್ನು 2000ದಲ್ಲಿ ಬಿಟ್ಟು ಬಟ್ಲರ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕಚೇರಿಗೆ ಸ್ವಯಂಸೇವಕನಾಗಿ ಸೇರಿದವರು, 2007ರಲ್ಲಿ ಅಲ್ಲಿಯ ಮುಖ್ಯ ಕೋಚ್ ಆದರು. 2010 ಮತ್ತು 2011ರಲ್ಲಿ ಆ ಸಣ್ಣ ವಿಶ್ವವಿದ್ಯಾಲಯವನ್ನು ರಾಷ್ಟ್ರೀಯ ಫೈನಲ್‌ವರೆಗೆ ಒಯ್ದರು. ಕಥೆ ನಿಜ. ಆದರೆ ಹೀಗೆಯೇ ನೌಕರಿ ಬಿಟ್ಟು ಬಂದು, ನಾಲ್ಕೈದು ವರ್ಷ ಬಾಟಲಿ ತುಂಬಿಸಿ, ಸಾಲ ಹೆಚ್ಚಾಗಿ, ವಿಮೆ ಮಾರುವ ಕೆಲಸಕ್ಕೆ ಹೋದವರ ಕಥೆಯನ್ನು ಯಾರೂ ಹೇಳುವುದಿಲ್ಲ. ನನ್ನ ಜೊತೆ ನೆಲ ಒರೆಸಿದವರಲ್ಲಿ ಇಂದಿಗೂ ಈ ಕ್ಷೇತ್ರದಲ್ಲಿ ಉಳಿದಿರುವವರು ತೀರಾ ಕಡಿಮೆ.

ನನ್ನನ್ನು ಉಳಿಸಿದ್ದು ವಿಡಿಯೊ. ಸಿನರ್ಜಿ ಎಂಬ ಸಾಫ್ಟ್‌ವೇರ್‌ನಲ್ಲಿ ಎದುರಾಳಿ ತಂಡದ ಪ್ರತಿಯೊಂದು ಆಕ್ರಮಣವೂ ಬಗೆಬಗೆಯಾಗಿ ವಿಂಗಡಣೆಯಾಗಿ ಸಿಗುತ್ತದೆ: ಪಿಕ್ ಅಂಡ್ ರೋಲ್, ಪೋಸ್ಟ್ ಅಪ್, ಓಡುತ್ತಲೇ ಹೊಡೆಯುವ ಫಾಸ್ಟ್ ಬ್ರೇಕ್ ಹೀಗೆ. ಪ್ರತಿ ಬಗೆಯಲ್ಲೂ ಚೆಂಡು ಕೈಯಲ್ಲಿದ್ದ ಒಂದೊಂದು ಸರದಿಗೆ ಸರಾಸರಿ ಎಷ್ಟು ಅಂಕ ಬಂತು ಎಂಬ ಲೆಕ್ಕವೂ ಇರುತ್ತದೆ. ಅದನ್ನು ಓದಲು ಬಲ್ಲವರು ಬೇಕಾಗಿದ್ದರು. ತಂಡದ ಸಹಾಯಕ ಕೋಚ್ ಒಬ್ಬರು ತಮ್ಮ ಪಾಲಿನ ವಿಡಿಯೊ ತುಂಡರಿಸುವ ಕೆಲಸವನ್ನು ಮೆಲ್ಲಗೆ ನನಗೆ ದಾಟಿಸಿದರು. 2018ರಲ್ಲಿ ಅವರು ಬೇರೊಂದು ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿಯ ಮುಖ್ಯ ಕೋಚ್‌ಗೆ ನನ್ನ ಹೆಸರು ಹೇಳಿದರು. ನಾನು ಅಲ್ಲಿ ವಿಡಿಯೊ ಸಂಯೋಜಕನಾದೆ. ಮೊದಲು ಹೇಳಿದ ಫೋನ್ ಕರೆ ಎಂದರೆ ಇದೇ.

ವಿಡಿಯೊ ಸಂಯೋಜಕನ ಕೆಲಸದಲ್ಲಿ ಒಂದು ವಿಚಿತ್ರ ಕಟ್ಟುಪಾಡಿತ್ತು. ಆಗಿನ ಎನ್‌ಸಿಎಎ ನಿಯಮದಂತೆ ಪುರುಷರ ಬಾಸ್ಕೆಟ್‌ಬಾಲ್ ತಂಡಕ್ಕೆ ಒಬ್ಬ ಮುಖ್ಯ ಕೋಚ್, ಮೂವರು ಸಹಾಯಕರು, ಅಷ್ಟೇ. ಉಳಿದ ಸಿಬ್ಬಂದಿ ಆಟಗಾರರಿಗೆ ಕೋರ್ಟಿನಲ್ಲಿ ತರಬೇತಿ ಕೊಡುವಂತಿರಲಿಲ್ಲ. ಒಬ್ಬ ಹುಡುಗನ ಶಾಟ್‌ಗಳನ್ನೆಲ್ಲ ಕುಳಿತು ನೋಡಿ, ಅವನ ಎಡಗೈ ಹೆಬ್ಬೆರಳು ಚೆಂಡನ್ನು ತಳ್ಳುತ್ತಿದೆ ಎಂದು ಕಂಡುಕೊಂಡವನು ನಾನೇ ಆಗಿರಬಹುದು. ಆದರೆ ಅದನ್ನು ಕೋರ್ಟಿನಲ್ಲಿ ಅವನಿಗೆ ತೋರಿಸಿಕೊಡಬೇಕಾದವರು ಆ ಮೂವರಲ್ಲಿ ಒಬ್ಬರು. ನಾನು ಗೋಡೆಗೆ ಒರಗಿ ನಿಂತಿರುತ್ತಿದ್ದೆ.

ಈ ಮೂರರ ಮಿತಿಗೆ ದುಡ್ಡಿನ ಇತಿಹಾಸವೂ ಇದೆ. 1991ರಲ್ಲಿ ಎನ್‌ಸಿಎಎ ಖರ್ಚು ಕಡಿಮೆ ಮಾಡುವ ನೆಪದಲ್ಲಿ ಒಬ್ಬ ಸಹಾಯಕ ಕೋಚ್‌ನ ವಾರ್ಷಿಕ ಸಂಬಳವನ್ನು 16,000 ಡಾಲರ್‌ಗೆ ಕಟ್ಟಿಹಾಕುವ ನಿಯಮ ತಂದಿತು. ಕೋಚ್‌ಗಳು ನ್ಯಾಯಾಲಯಕ್ಕೆ ಹೋದರು. ಇದು ಪೈಪೋಟಿ ಕಾನೂನಿಗೆ ವಿರುದ್ಧವೆಂದು 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಮರುವರ್ಷ ಎನ್‌ಸಿಎಎ 5.45 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಈಗ ಅಂಥ ಮಿತಿ ಇಲ್ಲ. ದೊಡ್ಡ ಕಾನ್ಫರೆನ್ಸ್‌ಗಳ (ತಮ್ಮತಮ್ಮಲ್ಲೇ ಹೆಚ್ಚಾಗಿ ಆಡುವ ವಿಶ್ವವಿದ್ಯಾಲಯಗಳ ಕೂಟಗಳ) ಹಿರಿಯ ಸಹಾಯಕರು ವರ್ಷಕ್ಕೆ ಹಲವು ಲಕ್ಷ ಡಾಲರ್ ಎಣಿಸುತ್ತಾರೆ. ನಮ್ಮಂಥ ಕಡೆ ಸಂಬಳ ಶಾಲಾ ಶಿಕ್ಷಕರದಕ್ಕಿಂತ ಅಷ್ಟೇನೂ ಮೇಲಿರುವುದಿಲ್ಲ, ಕೆಲಸದ ಹೊತ್ತು ಮಾತ್ರ ದುಪ್ಪಟ್ಟು.

2023ರ ಜುಲೈ 1ರಿಂದ ನಿಯಮ ಬದಲಾಯಿತು. ಮೂವರ ಜೊತೆಗೆ ಇನ್ನಿಬ್ಬರು ಕೋಚ್‌ಗಳಿಗೆ ಅವಕಾಶ ಸಿಕ್ಕಿತು. ಅವರು ಅಭ್ಯಾಸದಲ್ಲೂ ಪಂದ್ಯದಲ್ಲೂ ಆಟಗಾರರಿಗೆ ಹೇಳಿಕೊಡಬಹುದಿತ್ತು, ಆದರೆ ಕ್ಯಾಂಪಸ್ಸಿನ ಹೊರಗೆ ಹೋಗಿ ಹೊಸ ಆಟಗಾರರನ್ನು ಸೆಳೆಯುವ ಕೆಲಸ ಮಾಡುವಂತಿರಲಿಲ್ಲ. ನಾನು ಆ ಇಬ್ಬರಲ್ಲಿ ಒಬ್ಬನಾದೆ. ಸಂಬಳ ಬದಲಾಗಲಿಲ್ಲ, ಬಾಗಿಲ ಮೇಲಿನ ಫಲಕ ಬದಲಾಯಿತು. ಆ ಬಗ್ಗೆ ನನಗೆ ಇಂದಿಗೂ ಅಸಮಾಧಾನವಿದೆ. ಆದರೆ ಆ ಹುಡುಗನ ಹೆಬ್ಬೆರಳನ್ನು ಮೊದಲ ಸಲ ನಾನೇ ಹಿಡಿದು ಚೆಂಡಿನ ಮೇಲೆ ಸರಿಯಾಗಿ ಇಟ್ಟ ದಿನ ಅದು ನೆನಪಿಗೆ ಬಂದಿರಲಿಲ್ಲ ಎನ್ನುವುದನ್ನೂ ಹೇಳಬೇಕು.

ಸಹಾಯಕ ಕೋಚ್‌ನ ನಿಜವಾದ ಕಸುಬು ಸ್ಕೌಟ್. ಒಂದು ಋತುವಿನಲ್ಲಿ ಮೂವತ್ತರ ಆಸುಪಾಸಿನ ಪಂದ್ಯಗಳಿರುತ್ತವೆ. ಅವನ್ನು ಸಹಾಯಕರು ಹಂಚಿಕೊಳ್ಳುತ್ತಾರೆ. 'ಇದು ನಿನ್ನ ಸ್ಕೌಟ್' ಎಂದರೆ ಆ ಎದುರಾಳಿಯ ಬಗ್ಗೆ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿರಬೇಕಾದವನು ನೀನು ಎಂದರ್ಥ. ಎದುರಾಳಿಯ ಕೊನೆಯ ಐದಾರು ಪಂದ್ಯಗಳನ್ನು ಪೂರ್ತಿ ನೋಡುತ್ತೇನೆ, ಮತ್ತೊಮ್ಮೆ ಧ್ವನಿ ಏರಿಸಿ ನೋಡುತ್ತೇನೆ, ಏಕೆಂದರೆ ಟಿ.ವಿ.ಯ ಮೈಕಿನಲ್ಲಿ ಅವರ ಕೋಚ್ ಕೂಗುವ ಸಂಕೇತಗಳು ಕೇಳಿಸುತ್ತವೆ. ಒಂದು ತಂಡದ ಕೋಚ್ ಟೈ ಗಂಟನ್ನು ಮುಟ್ಟಿಕೊಂಡಾಗಲೆಲ್ಲ ಅವರ ಎತ್ತರದ ಸೆಂಟರ್ ಬೇಸ್‌ಲೈನಿನ (ರಿಂಗಿನ ಹಿಂದಿನ ಗಡಿಗೆರೆಯ) ಬದಿಯಿಂದ ರಿಂಗಿನ ಕಡೆಗೆ ಓಡುತ್ತಿದ್ದ, ಚೆಂಡು ಮೇಲಿನಿಂದ ಬರುತ್ತಿತ್ತು. ಅದು ಕಾಕತಾಳೀಯವಲ್ಲವೆಂದು ಖಚಿತಪಡಿಸಿಕೊಳ್ಳಲು ಹಿಂದಿನ ಋತುವಿನ ಪಂದ್ಯಗಳನ್ನೂ ತೆಗೆದು ನೋಡಿದೆ; ಆಗಲೂ ಅದೇ ಟೈ, ಅದೇ ಓಟ.

ಹೀಗೆ ಕೂಡಿಹಾಕಿದ್ದು ಹತ್ತಾರು ಪುಟಗಳಾಗುತ್ತದೆ. ಹುಡುಗರಿಗೆ ಕೊಡುವುದು ಒಂದು ಹಾಳೆ. ಇದು ನಾನು ಕಲಿಯಲು ಅತಿ ಹೆಚ್ಚು ಕಾಲ ತೆಗೆದುಕೊಂಡ ವಿದ್ಯೆ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಎಲ್ಲವನ್ನೂ ತೋರಿಸಿದವನಿಗೆ ಅಂಕ ಸಿಗುತ್ತದೆ, ಇಲ್ಲಿ ಬಿಟ್ಟವನಿಗೆ. ಹತ್ತೊಂಬತ್ತು ವರ್ಷದ ಹುಡುಗ, ಬೆಳಿಗ್ಗೆ ಅರ್ಥಶಾಸ್ತ್ರದ ಪರೀಕ್ಷೆ ಬರೆದು ಬಂದವನು, ರಾತ್ರಿ ಏಳಕ್ಕೆ ಆರು ಸಾವಿರ ಜನರ ಗದ್ದಲದ ನಡುವೆ ತನ್ನ ಎದುರಾಳಿಯ ಬಗ್ಗೆ ನೆನಪಿಟ್ಟುಕೊಳ್ಳಬಲ್ಲದ್ದು ಎರಡು ಸಂಗತಿ, ಬಹಳವೆಂದರೆ ಮೂರು. 'ಬಲಕ್ಕೆ ಹೋದರೆ ತಾನೇ ಹೊಡೆಯುತ್ತಾನೆ, ಎಡಕ್ಕೆ ಹೋದರೆ ಪಾಸ್ ಕೊಡುತ್ತಾನೆ' ಎಂಬ ಒಂದು ಸಾಲು ನಿಲ್ಲುತ್ತದೆ. ಶೇಕಡಾವಾರು ಲೆಕ್ಕ ನಿಲ್ಲುವುದಿಲ್ಲ. ಹಾಳೆ ಕೊಟ್ಟ ಮೇಲೆ ಕೋರ್ಟಿನಲ್ಲಿ ಅದನ್ನು ಮಾಡಿ ತೋರಿಸಬೇಕು. ಪಂದ್ಯದಲ್ಲಿ ಹೆಚ್ಚು ಆಡದ ಹುಡುಗರನ್ನು ಸೇರಿಸಿ 'ಸ್ಕೌಟ್ ಟೀಮ್' ಕಟ್ಟುತ್ತೇವೆ. ಅವರು ಆ ವಾರ ಎದುರಾಳಿಯ ವೇಷ ಹಾಕುತ್ತಾರೆ, ಅವರ ಆಟವನ್ನೇ ಆಡುತ್ತಾರೆ. ವಿದ್ಯಾರ್ಥಿವೇತನವೂ ಇಲ್ಲದೆ ತಂಡ ಸೇರಿದ ಒಬ್ಬ ಹುಡುಗ ಎದುರಾಳಿಯ ಸ್ಟಾರ್ ಗಾರ್ಡನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದನೆಂದರೆ, ನಮ್ಮ ಮೊದಲ ಐವರು ಅಭ್ಯಾಸದಲ್ಲೇ ಅವನ ಮೇಲೆ ರೇಗುತ್ತಿದ್ದರು. ಅವನ ಹೆಸರು ಸ್ಕೋರ್ ಪಟ್ಟಿಯಲ್ಲಿ ಬಂದದ್ದು ಅಪರೂಪ. ನನ್ನ ಪ್ರಕಾರ ಆ ವರ್ಷ ನಾವು ಗೆದ್ದ ಕೆಲವು ಪಂದ್ಯಗಳು ಅವನವು.

ಪಂದ್ಯದ ದಿನ ಸ್ಕೌಟ್ ಯಾರದೋ ಅವರು ಮುಖ್ಯ ಕೋಚ್ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಪುರುಷರ ಕಾಲೇಜು ಪಂದ್ಯದಲ್ಲಿ ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಅವಧಿ, ಚೆಂಡು ಸಿಕ್ಕ ಮೇಲೆ ಹೊಡೆಯಲು ಮೂವತ್ತು ಸೆಕೆಂಡಿನ ಗಡುವು, ಅಂದರೆ ಶಾಟ್ ಕ್ಲಾಕ್. ಪ್ರತಿ ಅವಧಿಯಲ್ಲಿ ಗಡಿಯಾರ 16, 12, 8 ಮತ್ತು 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಆಟ ನಿಂತಾಗ ಟಿ.ವಿ. ಜಾಹೀರಾತಿಗಾಗಿ ಟೈಮ್‌ಔಟ್ ಬರುತ್ತದೆ. ಗಮನಿಸಿ ನೋಡಿದರೆ, ಆಟಗಾರರು ಬೆಂಚಿನಲ್ಲಿ ಕುಳಿತು ನೀರು ಕುಡಿಯುವಾಗ ಕೋಚ್‌ಗಳು ಮೊದಲು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ತಲೆ ಸೇರಿಸಿ ನಿಂತಿರುತ್ತಾರೆ. ಹತ್ತು ಹದಿನೈದು ಸೆಕೆಂಡಿನ ಆ ಹೊತ್ತೇ ಸಹಾಯಕನ ಇಡೀ ವಾರದ ದುಡಿಮೆ ಬಾಯಿಗೆ ಬರಬೇಕಾದ ಹೊತ್ತು. 'ಅವರ ನಾಲ್ಕನೇ ನಂಬರ್ ಸ್ಕ್ರೀನ್ ಹಾಕದೆ ಜಾರುತ್ತಿದ್ದಾನೆ, ನಾವು ಬದಲಿಸಿಕೊಳ್ಳೋಣ' ಎಂದಷ್ಟೇ ಹೇಳಿ ಸುಮ್ಮನಾಗಬೇಕು. ಕೋಚ್ ತಲೆಯಾಡಿಸಬಹುದು, ಕೇಳಿಸದವರಂತೆ ತಿರುಗಬಹುದು. ತಿರುಗಿದರೆ, ಎರಡು ನಿಮಿಷದ ಬಳಿಕ ಅದೇ ತೂತಿನಿಂದ ಬುಟ್ಟಿಗೆ ಬಿದ್ದರೂ 'ನಾನು ಆಗಲೇ ಹೇಳಿದ್ದೆ' ಎಂಬ ಮುಖ ಮಾಡುವಂತಿಲ್ಲ. ನಮ್ಮ ಮುಖ್ಯ ಕೋಚ್ ಅದನ್ನು ಬಾಯಿಬಿಟ್ಟು ಹೇಳಿದ್ದರು: ಸಲಹೆ ನಿಮ್ಮದು, ತೀರ್ಮಾನ ನನ್ನದು, ಸೋಲಿನ ಲೆಕ್ಕ ನನ್ನ ಹೆಸರಿಗೆ ಮಾತ್ರ ಬರೆಯುತ್ತಾರೆ.

ಕ್ಯಾಂಪಸ್ಸಿನ ಹೊರಗೆ ಹೋಗುವ ಅನುಮತಿ ಇದ್ದ ಸಹೋದ್ಯೋಗಿ ಬಿಟ್ಟುಹೋದ ಮೇಲೆ ನನ್ನನ್ನು ಆ ಜಾಗಕ್ಕೆ ತಂದರು. ಅದಕ್ಕೆ ಮುಂಚೆ ನಿಯಮಗಳ ಪರೀಕ್ಷೆಯೊಂದನ್ನು ಪಾಸು ಮಾಡಬೇಕು; ಯಾವ ದಿನಾಂಕದಲ್ಲಿ ಆಟಗಾರನನ್ನು ನೋಡಬಹುದು, ಯಾವಾಗ ಮಾತಾಡಬಹುದು, ಯಾವಾಗ ಎರಡೂ ಕೂಡದು ಎಂಬುದಕ್ಕೆ ವರ್ಷದ ಕ್ಯಾಲೆಂಡರೇ ಇದೆ. ಜುಲೈ ತಿಂಗಳ ನೋಡುವ ದಿನಗಳಲ್ಲಿ ದೇಶದ ಕೋಚ್‌ಗಳೆಲ್ಲ ಶಾಲಾ ಹುಡುಗರು ಆಡುವ ಕ್ಲಬ್ ಪಂದ್ಯಾವಳಿಗಳಿಗೆ ಹೊರಡುತ್ತಾರೆ. ದಕ್ಷಿಣ ಕ್ಯಾರೊಲಿನಾದ ನಾರ್ತ್ ಆಗಸ್ಟಾದಲ್ಲಿ ನಡೆಯುವ ಪೀಚ್ ಜ್ಯಾಮ್ ಅವುಗಳಲ್ಲಿ ಹೆಸರಾಂತದ್ದು. ಒಂದೇ ಸೂರಿನಡಿ ಹಲವು ಕೋರ್ಟು, ಬೇಸ್‌ಲೈನಿನ ಉದ್ದಕ್ಕೂ ಮಡಚುವ ಕುರ್ಚಿಗಳಲ್ಲಿ ತಮ್ಮ ವಿಶ್ವವಿದ್ಯಾಲಯದ ಲಾಂಛನವಿರುವ ಟಿ-ಶರ್ಟು ತೊಟ್ಟು ಕೂತ ಕೋಚ್‌ಗಳು. ಅರ್ಧ ಕೆಲಸ ನೋಡುವುದು, ಇನ್ನರ್ಧ ನೋಡಿಸಿಕೊಳ್ಳುವುದು: ನಾವು ಬಂದಿದ್ದೇವೆಂದು ಹುಡುಗನ ತಾಯಿಗೆ ಕಾಣಬೇಕು, ಆದರೆ ಮಾತಾಡಿಸುವಂತಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ತುಟಿಪಿಟಿಕ್ಕೆನ್ನದೆ ಉಪ್ಪಿಟ್ಟು ತಿಂದು ಬಂದಹಾಗೆ.

ಈ ಕೆಲಸದಲ್ಲೇ ಸಹಾಯಕರು ಕೈ ಸುಟ್ಟುಕೊಳ್ಳುವುದು. 2017ರ ಸೆಪ್ಟೆಂಬರಿನಲ್ಲಿ, ನಾನಿನ್ನೂ ನೆಲ ಒರೆಸುತ್ತಿದ್ದಾಗ, ಎಫ್‌ಬಿಐ ತನಿಖೆಯಲ್ಲಿ ಹತ್ತು ಮಂದಿಯ ಬಂಧನವಾಯಿತು. ಅವರಲ್ಲಿ ನಾಲ್ವರು ಹೆಸರಾಂತ ವಿಶ್ವವಿದ್ಯಾಲಯಗಳ ಸಹಾಯಕ ಕೋಚ್‌ಗಳು. ಆಟಗಾರರನ್ನು ಏಜೆಂಟರ ಕಡೆಗೆ ತಿರುಗಿಸಲು ಲಂಚ ಪಡೆದರೆಂಬುದು ಅವರ ಮೇಲಿನ ಆರೋಪ. ಆ ಪ್ರಕರಣದಲ್ಲಿ ಯಾವ ಮುಖ್ಯ ಕೋಚ್ ಮೇಲೂ ಕ್ರಿಮಿನಲ್ ಆರೋಪ ದಾಖಲಾಗಲಿಲ್ಲ. ಲಂಚ ಲಂಚವೇ, ಅದನ್ನು ಸಮರ್ಥಿಸುವ ಮಾತಿಲ್ಲ. ಆದರೆ ಆಟಗಾರರನ್ನು ತಂದೇ ತರಬೇಕೆಂಬ ಒತ್ತಡವೆಲ್ಲ ಪಕ್ಕದ ಕುರ್ಚಿಯ ಮೇಲೆ ಬೀಳುತ್ತದೆ ಎಂಬುದನ್ನು ಆ ಪಟ್ಟಿ ಓದಿದವರು ಕಾಣದೆ ಇರಲಾರರು.

ನಾನು ಭಾರತದವನೆಂದು ಕೆಲವೊಮ್ಮೆ ಬೆಂಗಳೂರು, ಮೈಸೂರುಗಳಿಂದಲೂ ಫೋನ್ ಬರುತ್ತದೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಮಹಿಳಾ ತಂಡ ಸೇರಿದ ಮೇಲೆ ತಂದೆ ತಾಯಂದಿರಿಗೆ ಈ ದಾರಿಯೂ ಇದೆಯೆಂದು ತಿಳಿದಿದೆ. ಅವರೆಲ್ಲ ಎತ್ತರವನ್ನು ಮೊದಲು ಹೇಳುತ್ತಾರೆ. ನಾನು ಒಂಬತ್ತನೇ ತರಗತಿಯಿಂದ ಇಲ್ಲಿಯವರೆಗಿನ ಅಂಕಪಟ್ಟಿಗಳನ್ನು ಮೊದಲು ಕೇಳುತ್ತೇನೆ. ಎನ್‌ಸಿಎಎ ಅರ್ಹತಾ ಕೇಂದ್ರ ನಿಗದಿಪಡಿಸಿದ ಶೈಕ್ಷಣಿಕ ವಿಷಯಗಳು ಪೂರ್ತಿಯಾಗದಿದ್ದರೆ ಏಳಡಿ ಎತ್ತರವಿದ್ದರೂ ಪ್ರಯೋಜನವಿಲ್ಲ.

ಋತು ಮುಗಿಯುವ ಮಾರ್ಚ್ ತಿಂಗಳು ಬಂತೆಂದರೆ ಊರಿನಿಂದ ಅಪ್ಪ ಫೋನ್ ಮಾಡುತ್ತಾರೆ. ಅವರು ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು, ಆಟದ ಒಳಹೊರಗು ತಿಳಿದವರು. "ಗೆದ್ರೋ ಸೋತ್ರೋ ಆಮೇಲೆ ಹೇಳೀವಂತೆ ಕಣಪ್ಪ, ನಿಮ್ ದೊಡ್ಡ ಕೋಚು ಉಳ್ಕಂಡ್ರಾ?" 2025ರ ವಸಂತದಲ್ಲಿ ಉಳಿದುಕೊಳ್ಳಲಿಲ್ಲ. ಸತತ ಎರಡು ಋತು ಸೋಲು ಹೆಚ್ಚಾಗಿತ್ತು. ಕಾನ್ಫರೆನ್ಸ್ ಪಂದ್ಯಾವಳಿಯಿಂದ ಹೊರಬಿದ್ದ ಮಾರನೆಯ ಬೆಳಿಗ್ಗೆಯೇ ಅವರನ್ನು ತೆಗೆದರು. ಬಾಸ್ಕೆಟ್‌ಬಾಲ್ ಆಟವನ್ನೇ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಕ್ಯಾನ್ಸಸ್ ತಂಡಕ್ಕೆ ಕೋಚ್ ಆಗಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಈ ಕಾಲದಲ್ಲಾಗಿದ್ದರೆ ಅವರನ್ನೂ ಉಳಿಸುತ್ತಿರಲಿಲ್ಲ. ಮುಖ್ಯ ಕೋಚ್ ಹೋದರೆ ಸಹಾಯಕರೂ ಹೋದಂತೆ, ಏಕೆಂದರೆ ಹೊಸಬರು ತಮ್ಮವರನ್ನು ಕರೆತರುತ್ತಾರೆ. ಇದರಲ್ಲಿ ಅನ್ಯಾಯವೇನೂ ಇಲ್ಲ, ನಾನು ಬಂದದ್ದೂ ಹಾಗೆಯೇ.

ಆದರೆ ನನ್ನ ಸಹೋದ್ಯೋಗಿಗಳಿಗೆ ಇಲ್ಲದ ಒಂದು ಗಡಿಯಾರ ನನಗಿತ್ತು. ಎಚ್-1ಬಿ ವೀಸಾದವನು ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನಗಳಲ್ಲಿ ಇನ್ನೊಂದು ದಾರಿ ನೋಡಿಕೊಳ್ಳಬೇಕು. ವಿಶ್ವವಿದ್ಯಾಲಯಗಳಿಗೆ ಈ ವೀಸಾ ಹಂಚುವ ವಾರ್ಷಿಕ ಲಾಟರಿಯ ಕಾಟವಿಲ್ಲ, ವರ್ಷದ ಯಾವ ದಿನವಾದರೂ ಅರ್ಜಿ ಹಾಕಬಹುದು ಎಂಬುದೊಂದು ಸಮಾಧಾನ. ಆದರೆ ಈ ವೀಸಾ ಸಿಗಲು, ಕೋಚ್ ಎಂಬ ಹುದ್ದೆಗೆ ನಿರ್ದಿಷ್ಟ ಪದವಿಯೇ ಬೇಕೆಂದು ವಲಸೆ ಇಲಾಖೆಗೆ ಮನಗಾಣಿಸಬೇಕು, ಅದು ಸುಲಭವಲ್ಲ. ನನ್ನ ಹುದ್ದೆಯ ವಿವರಣೆಯಲ್ಲಿ ಸಂಖ್ಯಾಶಾಸ್ತ್ರವೂ ಅಂಕಿಅಂಶ ವಿಶ್ಲೇಷಣೆಯೂ ಮೊದಲ ಸಾಲಿನಲ್ಲಿರುವುದು ಆ ಕಾರಣಕ್ಕೆ. ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕು ತಂಡಗಳ ಸುತ್ತಾದ ಫೈನಲ್ ಫೋರ್ ನಡೆಯುವ ಊರಿನಲ್ಲೇ ಪ್ರತಿವರ್ಷ ಕೋಚ್‌ಗಳ ಸಮಾವೇಶ ಸೇರುತ್ತದೆ. ಆ ವರ್ಷ ಸ್ಯಾನ್ ಆಂಟೋನಿಯೊದಲ್ಲಿತ್ತು. ನನ್ನ ದುಡ್ಡಿನಲ್ಲಿ ಟಿಕೆಟ್ ಮಾಡಿಸಿ ಹೋದೆ. ಹೋಟೆಲ್ ಲಾಬಿಯ ತುಂಬ ಕೆಲಸ ಕಳೆದುಕೊಂಡವರು, ಕಳೆದುಕೊಳ್ಳಲಿರುವವರು. ಎಲ್ಲರೂ ಮಾತಾಡುತ್ತಲೇ ಎದುರಿನವರ ಭುಜದಾಚೆ ಬಾಗಿಲ ಕಡೆ ಕಣ್ಣಿಟ್ಟಿರುತ್ತಾರೆ, ಯಾವ ಮುಖ್ಯ ಕೋಚ್ ಒಳಗೆ ಬಂದರೋ ಎಂದು. ನನಗೆ ಕೆಲಸ ಸಿಕ್ಕಿದ್ದು ಆ ಲಾಬಿಯಲ್ಲಲ್ಲ. ಟೈ ಮುಟ್ಟಿಕೊಳ್ಳುತ್ತಿದ್ದರಲ್ಲ, ಆ ಕೋಚ್ ಫೋನ್ ಮಾಡಿದರು. ನಮ್ಮೆದುರಿನ ಪಂದ್ಯದಲ್ಲಿ ತಮ್ಮ ಆ ಆಟ ಒಮ್ಮೆಯೂ ನಡೆಯದಂತೆ ಮಾಡಿದ ಸ್ಕೌಟ್ ಯಾರದೆಂದು ಅವರು ವಿಚಾರಿಸಿಕೊಂಡಿದ್ದರಂತೆ.

ಎಲ್ಲರಿಗೂ ಮುಖ್ಯ ಕೋಚ್ ಆಗುವ ಆಸೆ ಇರುತ್ತದೆಯೆಂದು ಜನ ತಿಳಿದಿದ್ದಾರೆ. ನಾರ್ತ್ ಕ್ಯಾರೊಲಿನಾದಲ್ಲಿ ಡೀನ್ ಸ್ಮಿತ್ ಅವರಿಗೆ ಬಿಲ್ ಗತ್ರಿಜ್ ಮೂವತ್ತು ವರ್ಷ ಸಹಾಯಕರಾಗಿದ್ದರು. 1997ರಲ್ಲಿ ಅರವತ್ತರ ವಯಸ್ಸಿನಲ್ಲಿ ಮುಖ್ಯ ಕೋಚ್ ಆಗಿ, ಮೂರು ಋತುಗಳಲ್ಲಿ ಎರಡು ಸಲ ತಂಡವನ್ನು ಫೈನಲ್ ಫೋರ್‌ಗೆ ಒಯ್ದು ನಿವೃತ್ತರಾದರು. ಟಾಮಿ ಲಾಯ್ಡ್ ಗೊಂಜಾಗದಲ್ಲಿ ಎರಡು ದಶಕ ಸಹಾಯಕರಾಗಿ, ಹೊರದೇಶಗಳ ಆಟಗಾರರನ್ನು ಹುಡುಕಿ ತಂದು, 2021ರಲ್ಲಷ್ಟೇ ಅರಿಜೋನಾದ ಮುಖ್ಯ ಕೋಚ್ ಆದರು. ನನಗೆ ಇವರ ದಾರಿ ಸ್ಟೀವನ್ಸ್ ದಾರಿಗಿಂತ ನಂಬಲರ್ಹವಾಗಿ ಕಾಣುತ್ತದೆ.

ಈಗಿನ ಕಷ್ಟ ಬೇರೆಯದೇ. 2018ರಲ್ಲಿ, ವಿಶ್ವವಿದ್ಯಾಲಯ ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಶುರುವಾಯಿತು, 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖಗಳಿಂದ ಹಣ ಗಳಿಸುವಂತಾಯಿತು, 2024ರಿಂದ ಎಷ್ಟು ಸಲ ಬೇಕಾದರೂ ವಿಶ್ವವಿದ್ಯಾಲಯ ಬದಲಿಸಿ ಕೂಡಲೇ ಆಡಬಹುದು, 2025ರ ಜೂನ್ ತಿಂಗಳಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡಾಪಟುಗಳಿಗೆ ಸೇರಿ ಮೊದಲ ವರ್ಷ, ಅಂದರೆ 2025-26ರಲ್ಲಿ, ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದಾಯಿತು. ಆಟಗಾರರಿಗೆ ಇದು ನ್ಯಾಯವೇ. ಅವರ ಬೆವರಿನ ಮೇಲೆ ನಾವೆಲ್ಲ ಸಂಬಳ ಎಣಿಸಿದ್ದೇವೆ. ವಿದ್ಯಾರ್ಥಿ ವೀಸಾದಲ್ಲಿರುವ ಹೊರದೇಶದ ಹುಡುಗರಿಗೆ ಮಾತ್ರ ಈ ಹಣ ಮುಟ್ಟುವುದಕ್ಕೂ ವಕೀಲರನ್ನು ಕೇಳಬೇಕಾದ ಸ್ಥಿತಿ. ನಮಗಂತೂ ಇದರ ಪರಿಣಾಮ ಸ್ಕೌಟ್ ಕಡತದಲ್ಲೇ ಕಾಣುತ್ತದೆ. ನಮ್ಮ ಕಾನ್ಫರೆನ್ಸಿನ ಪ್ರತಿ ತಂಡದಲ್ಲೂ ಅರ್ಧಕ್ಕಿಂತ ಹೆಚ್ಚು ಮುಖಗಳು ಹೊಸವು. ಕಳೆದ ವರ್ಷದ ಕಡತಗಳಲ್ಲಿ ಕೋಚ್‌ಗಳ ಕುರಿತ ಪುಟಗಳನ್ನು ಉಳಿಸಿಕೊಂಡಿದ್ದೇನೆ. ಆಟಗಾರರ ಪುಟಗಳನ್ನು ತೆಗೆದು, ಅವರು ಮುಂಚೆ ಆಡಿದ ಬೇರೆ ಬೇರೆ ತಂಡಗಳ ವಿಡಿಯೊ ಹುಡುಕಿ ಒಂದೊಂದಾಗಿ ಹೊಸದಾಗಿ ಬರೆಯುತ್ತಿದ್ದೇನೆ, ನವೆಂಬರಿನ ಮೊದಲ ಪಂದ್ಯದೊಳಗೆ ಮುಗಿಯಬೇಕು.